ದೂರದೂರಿಗೆ ಎಂಥ ವಿಮಾನ?

ದೂರದ ಊರಿಗೆ ದೊಡ್ಡ ವಿಮಾನ, ಹತ್ತಿರದ ಊರಿಗೆ ಚಿಕ್ಕದು ಎಂದು ನಾವು ಭಾವಿಸುವುದು ಸಹಜ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಅನುಭವ ಇದಕ್ಕೆ ವಿರುದ್ಧವಾಗಿದೆ. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್ ಸಂಸ್ಥೆ ಎರಡು ಅಂತಸ್ತಿನ ಏರ್‌ಬಸ್ ಎ380 ವಿಮಾನವನ್ನು ಅಲ್ಲಿಗೆ ತಂದಿತು. ಅದರಲ್ಲಿ ಸುಮಾರು ಐನೂರು ಆಸನಗಳು. ದಾರಿಯೋ ದುಬೈಗೆ ನಾಲ್ಕೇ ಗಂಟೆಯದು. ಅದಕ್ಕೂ ಮುನ್ನ, 2021ರ ಜನವರಿಯಲ್ಲಿ, ಏರ್ ಇಂಡಿಯಾ ಸಂಸ್ಥೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನೇರ ಸಂಚಾರವನ್ನು ಆರಂಭಿಸಿತ್ತು. ಸುಮಾರು 14,000 ಕಿಲೋಮೀಟರು ದೂರದ ಆ ಪಯಣಕ್ಕೆ ಆರಿಸಿದ ಬೋಯಿಂಗ್ 777-200ಎಲ್‌ಆರ್ ವಿಮಾನದಲ್ಲಿ ಆಸನಗಳು 238 ಮಾತ್ರ!

ಕಾರಣವನ್ನರಿಯಲು ನಮ್ಮ ಕೊಳ್ಳೇಗಾಲದ ಬಸ್ಸುಗಳನ್ನು ನೋಡಿದರೆ ಸಾಕು. ಶಿವರಾತ್ರಿಯ ಜಾತ್ರೆಗೆ ಹನೂರಿನ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸನ್ನು ಹತ್ತೂರಿನ ಜನ ಬಂದು ತುಂಬುತ್ತಾರೆ. ಒಂದೇ ಹಳ್ಳಿಗೆ ಹೋಗುವ ಬಸ್ಸಿಗೆ ಆ ಹಳ್ಳಿಯವರಷ್ಟೇ ಗತಿ. ದುಬೈ ದಾರಿ ಜಾತ್ರೆಯ ದಾರಿ. ಅಲ್ಲಿಂದ ನೂರು ಊರುಗಳಿಗೆ ಕವಲೊಡೆಯುವವರೆಲ್ಲ ಅದೇ ವಿಮಾನ ಹತ್ತುತ್ತಾರೆ. ನೇರ ವಿಮಾನವಾದರೋ ಬಹುಮಟ್ಟಿಗೆ ಆ ಒಂದು ಊರಿನ ಕಡೆಯವರನ್ನೇ ನೆಚ್ಚಬೇಕು. ಬೆಂಗಳೂರಿಗೆ ಕೆ.ಎಲ್.ಎಂ. 2019ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ, ಕ್ವಾಂಟಾಸ್ 2022ರಲ್ಲಿ ಸಿಡ್ನಿಯಿಂದ, ವರ್ಜಿನ್ ಅಟ್ಲಾಂಟಿಕ್ 2024ರಲ್ಲಿ ಲಂಡನ್ನಿನಿಂದ ಸಂಚಾರ ತೊಡಗಿದಾಗ ಮೂವರೂ ಆರಿಸಿದ್ದು ಮುನ್ನೂರಕ್ಕೆ ಕಡಮೆ ಆಸನಗಳ ವಿಮಾನಗಳನ್ನೇ.

ಎರಡನೆಯದು ಭಾರದ ಲೆಕ್ಕ. 777-200ಎಲ್‌ಆರ್ ಹೊತ್ತು ಏರಬಲ್ಲ ಒಟ್ಟು ತೂಕ ಸುಮಾರು 347 ಟನ್ನು. ಅದರ ತೊಟ್ಟಿಗಳು ತುಂಬಿದರೆ ಹಿಡಿಸುವ ಇಂಧನ ಸುಮಾರು 1,81,000 ಲೀಟರು, ಎಂದರೆ 145 ಟನ್ನಿನಷ್ಟು! ದೂರ ಹೆಚ್ಚಿದಂತೆ, ಇಂಧನವನ್ನು ಹೊರುವುದಕ್ಕಾಗಿಯೇ ಮತ್ತಷ್ಟು ಇಂಧನ ಬೇಕು. ಆಗ ಕಡಿತವಾಗುವುದು ಸರಕು, ಇಲ್ಲವೆ ಜನ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಎತ್ತರದಲ್ಲಿ ಗಾಳಿ ತೆಳು; ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೆ ಆಸರೆಯೂ ಎಂಜಿನ್ನಿಗೆ ಬಲವೂ ಕುಗ್ಗುವುದರಿಂದ ಏರಲು ಹೆಚ್ಚು ಓಟ ಬೇಕು. ಅಲ್ಲಿನ ಓಡುದಾರಿ 4,000 ಮೀಟರು ಉದ್ದವಿರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ನಮಗೆ ಹತ್ತಿರದ ಮೈಸೂರಿನಲ್ಲಿ 1,740 ಮೀಟರಿನ ಓಡುದಾರಿಗೆ ಒಗ್ಗಿದ್ದು ಎಪ್ಪತ್ತು ಆಸನಗಳ ಎ.ಟಿ.ಆರ್. ವಿಮಾನ.

ಮೂರನೆಯದು ಹೊರಗಿನವರ ಕಣ್ಣಿಗೆ ಬೀಳದ ಸಂಗತಿ. ಸಂಸ್ಥೆಯ ಮುಖ್ಯ ನೆಲೆಯಲ್ಲಿ ಒಂದು ವಿಮಾನ ಕೆಟ್ಟರೆ ಇನ್ನೊಂದು ಒದಗುತ್ತದೆ. ಚಾಲಕರೂ ಎಂಜಿನಿಯರುಗಳೂ ಬಿಡಿಭಾಗಗಳೂ ಕೈಗೆ ಸಿಗುತ್ತವೆ. ಎರಡನೆಯ ನೆಲೆಗೆ ಆ ಭಾಗ್ಯವಿಲ್ಲ. ಏರ್ ಇಂಡಿಯಾ ತಾನು ಕೊಂಡಿದ್ದ ಎಂಟು 777-200ಎಲ್‌ಆರ್ ವಿಮಾನಗಳಲ್ಲಿ ಐದನ್ನು ಎತಿಹಾದ್ ಸಂಸ್ಥೆಗೆ ಮಾರಿ, ಮೂರನ್ನೇ ಉಳಿಸಿಕೊಂಡಿತ್ತು. ಇಂಥ ತೆಳು ಬಂಡವಾಳದ ಮೇಲೆ ನಿಂತ ದಾರಿ ಅಲುಗಾಡದಿರುವುದೆಂತು? ಬೆಂಗಳೂರಿನ ಆ ಸಂಚಾರ ನಡುವೆ ನಿಂತು, 2022ರ ಡಿಸೆಂಬರಿನಲ್ಲಿ ಮತ್ತೆ ಮೊದಲಾಯಿತು.

ಮಗಳ ಬಾಣಂತನಕ್ಕೆಂದು ಯಳಂದೂರಿನಿಂದಲೋ ಹನೂರಿನಿಂದಲೋ ಕ್ಯಾಲಿಫೋರ್ನಿಯಕ್ಕೆ ಹೊರಟ ತಾಯಿಗೆ ಈ ಲೆಕ್ಕಾಚಾರ ಬರಿಯ ಕುತೂಹಲದ ವಿಷಯವಲ್ಲ. ಭಾಷೆಯರಿಯದ ನಿಲ್ದಾಣದಲ್ಲಿ ನಡುರಾತ್ರಿ ವಿಮಾನ ಬದಲಿಸಬೇಕೋ ಬೇಡವೋ ಎಂಬುದನ್ನು ಅದು ನಿರ್ಧರಿಸುತ್ತದೆ. ನೇರ ವಿಮಾನ ಊರಿನ ಪ್ರತಿಷ್ಠೆಗಾಗಿ ಬರುವುದಿಲ್ಲ. ರಜೆಯಲ್ಲಿ ಮಾತ್ರವಲ್ಲದೆ ವರ್ಷವಿಡೀ, ಎರಡು ದಿಕ್ಕಿನಲ್ಲೂ ಆಸನ ತುಂಬಿದರೆ ಉಳಿಯುತ್ತದೆ. ಅದು ಇಲ್ಲದಾಗ ಹಿರಿಯರನ್ನು ಕಳುಹಿಸುವವರು ಪೂರ್ತಿ ಪಯಣವನ್ನು ಒಂದೇ ಟಿಕೆಟ್ಟಿನಲ್ಲಿ ಕೊಳ್ಳುವುದು ಒಳಿತು. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ಬೇರೆ ವಿಮಾನ ಹತ್ತಿಸುವ ಹೊಣೆ ಆಗ ಸಂಸ್ಥೆಯದಾಗುತ್ತದೆ. ಬೇರೆ ಬೇರೆ ಟಿಕೆಟ್ಟುಗಳಾದರೆ ಆ ಹೊಣೆ ಆ ತಾಯಿಯ ತಲೆಯ ಮೇಲೆಯೇ ಬೀಳುತ್ತದೆ.