ಕೀ ಉತ್ತರಕ್ಕೆ ಕಟ್ಟಿಹಾಕಿದ ಪ್ರಕರಣ

ಸಿಬಿಎಸ್‌ಇ 2024-25ರಲ್ಲಿ 11 ಮತ್ತು 12ನೇ ತರಗತಿಗಳ ಪ್ರಶ್ನೆಪತ್ರಿಕೆಯಲ್ಲಿ ಸಾಮರ್ಥ್ಯಾಧಾರಿತ ಪ್ರಶ್ನೆಗಳ ಪಾಲನ್ನು ಶೇ 40ರಿಂದ ಶೇ 50ಕ್ಕೆ ಏರಿಸಿತು. ಪ್ರಕರಣವೊಂದನ್ನು ಕೊಟ್ಟು ಕೇಳುವ ಪ್ರಶ್ನೆಗಳೂ ಈ ಲೆಕ್ಕಕ್ಕೇ ಸೇರುತ್ತವೆ. ಇಂಥ ಪ್ರಶ್ನೆ ಹೆಚ್ಚಿದಷ್ಟೂ ಮಕ್ಕಳು ಉರು ಹೊಡೆಯುವುದನ್ನು ಬಿಟ್ಟು ಯೋಚಿಸತೊಡಗುತ್ತಾರೆ ಎಂಬುದು ನಂಬಿಕೆ. ಆದದ್ದೇನು? ಪುಸ್ತಕದಂಗಡಿಯಲ್ಲಿ ಈಗ ಪ್ರಕರಣಗಳಿಗೂ ಗೈಡ್ ಸಿಗುತ್ತದೆ, ಉತ್ತರಸಹಿತ. ಏಳೆಂಟು ಸಾಲಿನ ಸನ್ನಿವೇಶ, ಕೆಳಗೆ ಮೂರೋ ನಾಲ್ಕೋ ಪ್ರಶ್ನೆ, ಪ್ರತಿಯೊಂದಕ್ಕೂ ಒಂದೇ ಸರಿಯುತ್ತರ. ಭಾಷಾ ಪತ್ರಿಕೆಯ ‘ಗದ್ಯಭಾಗ ಓದಿ ಉತ್ತರಿಸಿ’ ಎಂಬುದಕ್ಕೆ ಹೊಸ ಅಂಗಿ ತೊಡಿಸಿದ್ದಾರೆ, ಅಷ್ಟೆ. ನನ್ನ ತಕರಾರು ಪ್ರಕರಣ ಅಧ್ಯಯನದ ಮೇಲಲ್ಲ, ಅದನ್ನು ಕೀ ಉತ್ತರಕ್ಕೆ ಕಟ್ಟಿಹಾಕಿದ್ದರ ಮೇಲೆ.

1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಪ್ರಾಧ್ಯಾಪಕ ಲ್ಯಾಂಗ್ಡೆಲ್ ಈ ಪದ್ಧತಿ ತಂದಾಗ ವಿದ್ಯಾರ್ಥಿಗಳ ಕೈಗೆ ಕೊಟ್ಟದ್ದು ಸೂತ್ರಗಳನ್ನಲ್ಲ, ತೀರ್ಪುಗಳನ್ನು. ಸೂತ್ರವನ್ನು ಅವರೇ ವಾದಿಸಿ ಹೊರತೆಗೆಯಬೇಕಿತ್ತು. ಅಲ್ಲಿನ ಬಿಸಿನೆಸ್ ಶಾಲೆಯಿಂದ ಇದು ಅಹಮದಾಬಾದಿನ ಐಐಎಂಗೂ ಬಂತು. ನಿರ್ಧಾರ ಕೈಗೊಳ್ಳಬೇಕಾದ ಗಳಿಗೆಯಲ್ಲಿ ಕತೆ ನಿಂತುಬಿಡುವುದು, ಬೇಕಾದ ಮಾಹಿತಿಯೆಲ್ಲ ಕೈಯಲ್ಲಿ ಇಲ್ಲದಿರುವುದು, ಇವೇ ಈ ಪದ್ಧತಿಯ ಜೀವ. ಅದನ್ನು ತೆಗೆದರೆ ಉಳಿಯುವುದು ಬರೀ ಓದು.

ಹಾರ್ವರ್ಡ್‌ವರೆಗೆ ಹೋಗಬೇಕಾಗಿಯೂ ಇಲ್ಲ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕು ಸಾಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗಗಳ ಸಾವು ಕಂಡು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಹಳದಿ ಜ್ವರ ಹರಡುವುದು ಸೊಳ್ಳೆಯಿಂದ, ಇಲ್ಲಿ ಸಿಕ್ಕಿಬಿದ್ದದ್ದು ಉಣುಗು. ಮೇಷ್ಟರು ಈ ಕತೆಯನ್ನು ನಡುವೆಯೇ ನಿಲ್ಲಿಸಿ, ‘ನೀವಾಗಿದ್ದರೆ ಮೊದಲು ಏನನ್ನು ಪರೀಕ್ಷಿಸುತ್ತಿದ್ದಿರಿ?’ ಎಂದು ಕೇಳಲಿ. ಆಮೇಲೆ ಇನ್ನೂ ಕಷ್ಟದ ಪ್ರಶ್ನೆ: ಕಾಡು ಕಡಿದದ್ದಕ್ಕೂ ಅಂಚಿನಲ್ಲಿ ದನ ಮೇಯಿಸಿದ್ದಕ್ಕೂ ಈ ಕಾಯಿಲೆಗೂ ಏನು ನಂಟು? ಕೊಟ್ಟಿಗೆಗೆ ಹಾಸಲು ತರಗೆಲೆ ತರಲೇಬೇಕಾದ ಮನೆಗೆ ‘ಕಾಡಿಗೆ ಹೋಗಬೇಡಿ’ ಎನ್ನುವುದು ಸಲಹೆಯೇ? ಜೀವಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಇಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತವೆ. ಇದನ್ನು ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿಸಿದರೆ ‘ರೋಗವಾಹಕ ಯಾವುದು? ಉಣುಗು’ ಎಂಬಲ್ಲಿಗೆ ಮುಗಿಯಿತು.

ಬುನಾದಿ ಇಲ್ಲದವರಿಗೆ ಪ್ರಕರಣ ಕೊಟ್ಟು ಏನು ಫಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಮಾರ್ಗದರ್ಶನವಿಲ್ಲದೆ ಬಿಟ್ಟರೆ ಹೊಸಬರು ಕಲಿಯುವುದು ಕಡಿಮೆ ಎಂದು ಶಿಕ್ಷಣ ಸಂಶೋಧಕರಾದ ಕಿರ್ಷ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲೇ ಗಟ್ಟಿಯಾಗಿ ವಾದಿಸಿದ್ದಾರೆ. ವೈರಸ್ ಎಂದರೇನೆಂದು ತಿಳಿಯದ ಹುಡುಗಿ ಕ್ಯಾಸನೂರಿನ ಬಗ್ಗೆ ಊಹಿಸಬಲ್ಲಳು, ತರ್ಕಿಸಲಾರಳು. ಹಾಗಾಗಿ ಪಾಠ ಮೊದಲು, ಪ್ರಕರಣ ಆಮೇಲೆ. ಆದರೆ ಇದು ಪ್ರಕರಣವನ್ನು ಯಾವಾಗ ತರಬೇಕೆಂಬುದಕ್ಕೆ ಉತ್ತರವೇ ಹೊರತು, ತರಲೇಬಾರದೆಂಬುದಕ್ಕೆ ಕಾರಣವಲ್ಲ. ಕೀ ಉತ್ತರ ಇಲ್ಲದಿದ್ದರೆ ಮೌಲ್ಯಮಾಪಕರ ಮರ್ಜಿಗೆ ಬಿಟ್ಟಂತಾಗುತ್ತದೆ ಎಂಬ ಆಕ್ಷೇಪ ಇನ್ನೂ ತೂಕದ್ದು. ಲಕ್ಷಾಂತರ ಉತ್ತರ ಪತ್ರಿಕೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕಾದ ಮಂಡಳಿಗೆ ವಾದದ ಸೊಗಸು ನೋಡಿ ಅಂಕ ಕೊಡಿ ಎನ್ನಲಾಗದು. ನಿಜ. ಅದಕ್ಕೇ ಪ್ರಕರಣದ ಜಾಗ ವಾರ್ಷಿಕ ಪರೀಕ್ಷೆಯಲ್ಲ, ತರಗತಿ ಎನ್ನುವುದು.

ರಾಜ್ಯದ ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಈ 20ರಲ್ಲಿ ಒಂದು ಪಾಲನ್ನು ವರ್ಷಕ್ಕೆ ಎರಡೇ ಎರಡು ಪ್ರಕರಣಗಳ ಚರ್ಚೆಗೆ ಮೀಸಲಿಡಲಿ, ಚರ್ಚೆ ನಡೆಸುವುದು ಹೇಗೆಂದು ಶಿಕ್ಷಕರಿಗೆ ತರಬೇತಿ ಕೊಡಲಿ. ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜಿನ ಧಾವಂತದಲ್ಲಿ ಅಷ್ಟಕ್ಕೂ ಪುರುಸೊತ್ತಿಲ್ಲವೆಂದಾದರೆ, ಮಂಡಳಿಗಳು ಪ್ರಶ್ನೆಪತ್ರಿಕೆಯ ಪ್ರಕರಣದ ಭಾಗವನ್ನು ‘ಗದ್ಯಭಾಗ’ ಎಂದೇ ಕರೆಯಲಿ.