ಜೀವನಾಂಶ: ದನಿ ತಗ್ಗಿಸಿ ಕೇಳುವ ಲೆಕ್ಕ

ನಮ್ಮ ಸಂಘದ ಕೂಟಗಳಲ್ಲಿ ಊಟ ಮುಗಿದ ಮೇಲೆ ಮನೆ ಸಾಲದ ಬಡ್ಡಿ, ತೆರಿಗೆ, ಮಕ್ಕಳ ಕಾಲೇಜಿನ ಖರ್ಚು ಎಲ್ಲವೂ ಗಟ್ಟಿಯಾಗಿಯೇ ಚರ್ಚೆಯಾಗುತ್ತವೆ. ವಿಚ್ಛೇದನದ ಸುದ್ದಿ ಬಂದಾಗ ಮಾತ್ರ ದನಿ ತಗ್ಗುತ್ತದೆ. ತಗ್ಗಿದ ದನಿಯಲ್ಲಿ ಗಂಡಸರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಜೀವನಾಂಶ ಕೊಡದೆ ಪಾರಾಗುವ ದಾರಿ ಇದೆಯೇ?" ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಧಾಟಿ. ನ್ಯಾಯವಾದ ದಾರಿಯೊಂದು ಇದೆಯೆಂದೇ ನಮ್ಮ ಅಭಿಪ್ರಾಯ. ಆದರೆ ಅದನ್ನು ಮದುವೆಯಾದ ಮೊದಲ ವರ್ಷಗಳಲ್ಲೇ ಹಿಡಿಯಬೇಕು; ವಕೀಲರ ಮೆಟ್ಟಿಲು ಹತ್ತಿದ ಮೇಲೆ ಹುಡುಕುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಮ್ಮಲ್ಲಿ ಹೆಚ್ಚಿನವರು ನೆಲೆಸಿರುವ ನ್ಯೂಜೆರ್ಸಿಯ ಕಾನೂನನ್ನೇ ನೋಡೋಣ. (ಬೇರೆ ರಾಜ್ಯದವರು ತಮ್ಮಲ್ಲಿನದನ್ನು ವಿಚಾರಿಸಿಕೊಳ್ಳಬೇಕು, ಟೆಕ್ಸಾಸಿಗೂ ಇಲ್ಲಿಗೂ ಅಜಗಜಾಂತರ.) 2014ರ ತಿದ್ದುಪಡಿಯ ನಂತರ "ಪರ್ಮನೆಂಟ್ ಆಲಿಮನಿ" ಎಂಬ ಹೆಸರೇ ಇಲ್ಲಿ ಉಳಿದಿಲ್ಲ. ಮದುವೆ 20 ವರ್ಷಕ್ಕಿಂತ ಕಡಿಮೆ ನಡೆದಿದ್ದರೆ, ವಿಶೇಷ ಕಾರಣಗಳಿದ್ದ ಹೊರತು, ಮದುವೆ ನಡೆದಷ್ಟು ಕಾಲಕ್ಕಿಂತ ಹೆಚ್ಚು ಕಾಲ ಜೀವನಾಂಶ ಕೊಡಿಸುವಂತಿಲ್ಲ. ಎಷ್ಟು ಡಾಲರ್ ಎಂಬುದಕ್ಕೆ ಮಾತ್ರ ಸೂತ್ರವಿಲ್ಲ. ಒಬ್ಬರ ಅಗತ್ಯ, ಇನ್ನೊಬ್ಬರ ಶಕ್ತಿ, ಬಾಳಿದ ಮಟ್ಟ, ವಯಸ್ಸು, ಆರೋಗ್ಯ, ವಿದ್ಯೆ ಇವನ್ನೆಲ್ಲ ನ್ಯಾಯಾಧೀಶರು ತೂಗುತ್ತಾರೆ. ಜೊತೆಗೆ ಎರಡು ಪ್ರಶ್ನೆಗಳಿವೆ: ಈ ವ್ಯಕ್ತಿ ಎಷ್ಟು ವರ್ಷ ಉದ್ಯೋಗದಿಂದ ದೂರವಿದ್ದರು? ಮತ್ತೆ ದುಡಿಯಲು ಎಷ್ಟು ಓದು, ಎಷ್ಟು ತರಬೇತಿ ಬೇಕು?

ನಮ್ಮ ಮನೆಗಳ ಮಟ್ಟಿಗೆ ಈ ಎರಡೇ ಮುಖ್ಯ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿ ಎಚ್-4 ವೀಸಾದ ಮೇಲೆ ಇಲ್ಲಿಗೆ ಬರುತ್ತಾಳೆ. ಆ ವೀಸಾದವರಲ್ಲಿ ಕೆಲವರಿಗಾದರೂ ಕೆಲಸದ ಅನುಮತಿ ಸಿಗತೊಡಗಿದ್ದು 2015ರಿಂದ ಈಚೆಗೆ. ಅನುಮತಿ ಬರುವಷ್ಟರಲ್ಲಿ ಮಗು, ಆಮೇಲೆ ಇನ್ನೊಂದು ಮಗು. "ನಿನಗ್ಯಾಕೆ ಕೆಲಸದ ತಾಪತ್ರಯ, ನಾನು ದುಡಿಯುತ್ತಿಲ್ಲವೆ?" ಎಂದು ಗಂಡ ಅಕ್ಕರೆಯಿಂದಲೇ ಹೇಳುತ್ತಾನೆ. ಕಾರು ಓಡಿಸಲು ಕಲಿಯುವುದು ಮುಂದಿನ ಬೇಸಿಗೆಗೆ, ಪರೀಕ್ಷೆಗೆ ಕೂರುವುದು ಅದರ ಮುಂದಿನ ಬೇಸಿಗೆಗೆ ಹೋಗುತ್ತದೆ. ಹನ್ನೆರಡು ವರ್ಷದ ಮೇಲೆ ಸಂಸಾರ ಒಡೆದರೆ ಆ ಹನ್ನೆರಡು ವರ್ಷವೂ ನ್ಯಾಯಾಧೀಶರ ಹಾಳೆಯಲ್ಲಿ ಬಂದು ಕೂರುತ್ತದೆ. ಕೂರಬೇಕಾದದ್ದೇ ನ್ಯಾಯ. ಆಕೆ ಮನೆ ನೋಡಿಕೊಂಡದ್ದರಿಂದಲೇ ಈತ ರಾತ್ರಿ ಹತ್ತರವರೆಗೆ ಪ್ರಯೋಗಶಾಲೆಯಲ್ಲಿ ನಿಲ್ಲಲು ಸಾಧ್ಯವಾಯಿತು. ಜೀವನಾಂಶವನ್ನು ದಂಡವೆಂದು ಕರೆಯುವವರು ಈ ಬಾಕಿಯನ್ನು ಮರೆಯುತ್ತಾರೆ.

ನಮ್ಮಂಥ ಡಾಕ್ಟರೇಟಿನವರು ತಿಳಿಯಬೇಕಾದ ತೀರ್ಪೊಂದು ಇದೇ ರಾಜ್ಯದ್ದು. 1982ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟಿನ ಮುಂದೆ, ಹೆಂಡತಿಯ ಸಂಬಳದ ಆಸರೆಯಲ್ಲಿ ಎಂ.ಬಿ.ಎ. ಓದಿದ ಗಂಡನೊಬ್ಬನ ಪ್ರಕರಣ ಬಂತು. ಡಿಗ್ರಿ ಪಾಲು ಮಾಡುವ ಆಸ್ತಿಯಲ್ಲ, ಆದರೆ ಆ ಓದಿಗೆ ಆಸರೆಯಾದವರಿಗೆ ಹಣ ಹಿಂತಿರುಗಿಸುವ ಬಗೆಯ ಜೀವನಾಂಶ ಕೊಡಿಸಬಹುದು ಎಂದಿತು ಕೋರ್ಟು. ಹೆಂಡತಿಯ ದುಡಿಮೆಯಲ್ಲಿ ಥೀಸಿಸ್ ಮುಗಿಸಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಇದು ಗಂಡಸರಿಗೆ ಮಾತ್ರ ಅನ್ವಯಿಸುವುದೂ ಅಲ್ಲ. ಗಂಡಂದಿರು ಮಾತ್ರ ಕೊಡಬೇಕೆಂಬ ಅಲಬಾಮಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 1979ರಲ್ಲೇ ತಳ್ಳಿಹಾಕಿತು. ಹೆಚ್ಚು ಸಂಬಳ ತರುವ ನಮ್ಮ ಸೋದರಿಯರೂ ಗಮನಿಸಲಿ.

ಇನ್ನು ಕೂಟಗಳಲ್ಲಿ ಕೇಳಿಬರುವ ಉಪಾಯಗಳು. ಕೆಲಸ ಬಿಟ್ಟುಬಿಟ್ಟರೆ? ಬೇಕೆಂದೇ ಬಿಟ್ಟವನಿಗೆ ಎಷ್ಟು ಸಂಪಾದಿಸುವ ಶಕ್ತಿಯಿದೆಯೋ ಅಷ್ಟನ್ನೇ ಆದಾಯವೆಂದು ಕೋರ್ಟು ಲೆಕ್ಕ ಹಿಡಿಯಬಹುದು. ದಿವಾಳಿಯಾದರೆ? ಜೀವನಾಂಶದ ಬಾಕಿ ದಿವಾಳಿಯಲ್ಲಿ ಕರಗುವುದಿಲ್ಲ. ಬೇರೆ ಕಡೆ ಹೋಗಿ ವಿಚ್ಛೇದನ ತಂದರೆ? ಈ ಆಟ ಹಳೆಯದು. ತಿಂಗಳಿಗೆ 180 ಡಾಲರ್ ಕೊಡಬೇಕೆಂದು ನ್ಯೂಯಾರ್ಕಿನ ಕೋರ್ಟು ಆಜ್ಞೆ ಮಾಡಿದ ಮೇಲೆ ಒಬ್ಬಾತ ನೆವಾಡಾಕ್ಕೆ ಹೋಗಿ ವಿಚ್ಛೇದನ ತಂದ. 1948ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಮದುವೆ ಮುರಿದದ್ದು ನಿಜ, 180 ಡಾಲರಿನ ಹೊಣೆ ಉಳಿದಿದೆ ಎಂದಿತು. ಭಾರತದ ಸುಪ್ರೀಂ ಕೋರ್ಟಿನ ಮುಂದೆ 1991ರಲ್ಲಿ ಬಂದದ್ದು ತಿರುಪತಿಯಲ್ಲಿ ಮದುವೆಯಾಗಿ ಮಿಸೌರಿಯಲ್ಲಿ ವಿಚ್ಛೇದನ ಪಡೆದವರ ಪ್ರಕರಣ. ಆ ಮಿಸೌರಿ ತೀರ್ಪು ಭಾರತದಲ್ಲಿ ನಡೆಯದು ಎಂದಾಯಿತು. ಇಲ್ಲಿ ಬ್ರಹ್ಮಚಾರಿ, ಅಲ್ಲಿ ಗೃಹಸ್ಥ! ಅಲ್ಲಿಯ ಕೋರ್ಟಿನಲ್ಲಿ ಸಂಬಳ ಮುಚ್ಚಿಡುವುದೂ ಸುಲಭವಲ್ಲ. 2020ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ಟು ಸಲ್ಲಿಸಬೇಕು.

ಓದದೆ ರುಜು ಹಾಕುವ ಕಾಗದವೊಂದಿದೆ: ಐ-864. ನಾಗರಿಕರೋ ಗ್ರೀನ್ ಕಾರ್ಡಿನವರೋ ತಮ್ಮ ಅರ್ಜಿಯ ಮೇಲೆ ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳುವಾಗ ಇದನ್ನು ಬರೆದುಕೊಡುತ್ತಾರೆ. ಬಂದವರ ಆದಾಯ ಬಡತನದ ರೇಖೆಯ ಶೇಕಡಾ 125ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆಂಬ ಕರಾರು ಇದು. ವಿಚ್ಛೇದನವಾದರೂ ಇದು ರದ್ದಾಗುವುದಿಲ್ಲ. ಬಂದವರು ನಾಗರಿಕರಾಗಬೇಕು, ಅಥವಾ ಅವರ ಲೆಕ್ಕಕ್ಕೆ 40 ಕ್ವಾರ್ಟರುಗಳ, ಎಂದರೆ ಸುಮಾರು ಹತ್ತು ವರ್ಷದ, ದುಡಿಮೆ ಸೇರಬೇಕು. ಇಲ್ಲವೇ ಕಾಯಂ ನಿವಾಸ ಬಿಟ್ಟು ದೇಶದಿಂದ ಹೊರಡಬೇಕು, ಅಥವಾ ಇಬ್ಬರಲ್ಲೊಬ್ಬರು ತೀರಿಕೊಳ್ಳಬೇಕು. ತೆರಿಗೆಯ ಮಾತು ಚಿಕ್ಕದು: 2018 ಮುಗಿದ ಮೇಲೆ ಆದ ವಿಚ್ಛೇದನಗಳಲ್ಲಿ ಕೊಟ್ಟ ಜೀವನಾಂಶಕ್ಕೆ ಫೆಡರಲ್ ತೆರಿಗೆಯಲ್ಲಿ ವಿನಾಯಿತಿಯಿಲ್ಲ.

ಹಾಗಾದರೆ ಹೊಸದಾಗಿ ಸಂಸಾರ ಹೂಡಿದವರು ಮಾಡಬೇಕಾದದ್ದೇನು? ಕೆಲಸದ ಅನುಮತಿ ಬಂದ ದಿನದಿಂದಲೇ, ಬರುವ ಮುಂಚೆ ಓದಿನಿಂದ, ಇಬ್ಬರ ಕಾಲೂ ನೆಲ ಮುಟ್ಟುವಂತೆ ಮಾಡಬೇಕು. ಬ್ಯಾಂಕಿನ ಲೆಕ್ಕ ಇಬ್ಬರಿಗೂ ಗೊತ್ತಿರಬೇಕು. ಮದುವೆಗೆ ಮುಂಚೆ ಕರಾರು ಬರೆಯುವವರು ಆಸ್ತಿಯನ್ನೆಲ್ಲ ತೆರೆದಿಟ್ಟು, ಇಬ್ಬರೂ ತಮ್ಮ ತಮ್ಮ ವಕೀಲರಿಗೆ ತೋರಿಸಿ ಬರೆಯಲಿ. ಚೌಲ್ಟ್ರಿಗೆ ಮುಂಗಡ ಕೊಟ್ಟ ಮೇಲೆ ಹುಡುಗಿಯ ಮುಂದೆ ಕಾಗದ ಹಿಡಿಯುವುದು ನಮಗೆ ಒಪ್ಪಿಗೆಯಿಲ್ಲ.

ಕಾರ್ಯಕಾರಿ ಸಮಿತಿಗೆ ಒಂದು ಬಿನ್ನಹ. ಹಾಡು ಕುಣಿತವಿಲ್ಲದ ಒಂದು ಮಧ್ಯಾಹ್ನ ಕೌಟುಂಬಿಕ ಕಾನೂನಿನ ವಕೀಲರೊಬ್ಬರನ್ನು ಕರೆಸಿ. ಆಗ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡೂ ಇರಲಿ. ಇಲ್ಲವಾದರೆ ತಾಯಂದಿರು ಪಕ್ಕದ ಕೋಣೆಯಲ್ಲೇ ಉಳಿಯುತ್ತಾರೆ.