ಹೀರೋ ಆದದ್ದಲ್ಲ, ಹೊಟ್ಟೆ ಕೆಟ್ಟದ್ದು!

ಗೆಳೆಯರೇ, ಈ ವಾರ ತಾರೆಯರ ಸುದ್ದಿಗೆ ರಜೆ. ನನ್ನ ಹೊಟ್ಟೆಯ ಕಥೆ ಹೇಳ್ತೇನೆ. ನಗಬೇಡಿ, ನಾಳೆ ಇದು ನಿಮ್ಮ ಕಥೆಯೂ ಆದೀತು!

2022ರಲ್ಲಿ 'ಕಾಂತಾರ' ಬಂತಲ್ಲ, ಅದನ್ನು ಮೂರು ಸಲ ನೋಡಿದವ ನಾನು. ನಮ್ಮ ಕೆರಾಡಿಯ ರಿಷಬ್ ಶೆಟ್ಟಿ ಕಂಬಳದ ಕೋಣ ಓಡಿಸಿದ್ದು ಕಂಡ ಮೇಲೆ ಕುಂದಾಪುರದ ನಮ್ಮ ಗ್ಯಾಂಗಿಗೆಲ್ಲ ಬಾಡಿ ಮಾಡುವ ಹುಚ್ಚು. ನನ್ನ ಹೊಟ್ಟೆ ಮಾತ್ರ ಜಗ್ಗಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಅದು ತನ್ನಿಂದ ತಾನೇ ಕರಗತೊಡಗಿತು!

ಆದದ್ದಿಷ್ಟು. ಬೈಂದೂರಿಗೆ ಹೋದಾಗ ಬಾಯಾರಿ ಒಂದು ಬಾವಿಯ ನೀರನ್ನು ಹಾಗೇ ಕುಡಿದೆ. ಮಳೆನೀರು ಹರಿದು ಒಳಗೆ ಸೇರುತ್ತಿದ್ದ ಕಟ್ಟೆಯಿಲ್ಲದ ಬಾವಿ. ವಾರ ಕಳೆದ ಮೇಲೆ ಶುರುವಾಯ್ತು. ಹೊಟ್ಟೆಯುಬ್ಬರ, ಕೊಳೆತ ಮೊಟ್ಟೆಯ ವಾಸನೆಯ ತೇಗು, ಭೇದಿ. ಮೆಡಿಕಲ್‌ನಲ್ಲಿ ನಾನೇ ಕೇಳಿ ಆ್ಯಂಟಿಬಯೋಟಿಕ್ ಮಾತ್ರೆ ತಂದೆ. ಎರಡು ದಿನ ನುಂಗಿದೆ, ಕಡಿಮೆ ಅನ್ನಿಸಿತು, ಉಳಿದದ್ದು ಕಪಾಟಿಗೆ. ತಿಂಗಳಲ್ಲಿ ಏಳು ಕೆಜಿ ಇಳಿದೆ.

ಬ್ರಹ್ಮಾವರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ದೋಸ್ತ್ ಹೇಳಿದ್ದೇನು ಗೊತ್ತೇ? "ಹ್ವಾಯ್, ಹೀರೋ ಆಯ್ಬಿಟ್ಯಲ್ಲ ಮಾರಾಯಾ! ಎಂತ ಡಯಟ್ಟು?" ನಾನು ಗುಟ್ಟು ಬಿಡದವನಂತೆ ನಕ್ಕೆ. ಟೈಟ್ ಶರಟು ಹಾಕಿ ಫೋಟೋ ಬೇರೆ ತೆಗೆಸಿಕೊಂಡೆ!

ಮೋಸ ಹೋಗದವರು ಅಮ್ಮ ಒಬ್ಬರೇ. ಗಂಜಿಗೆ ತುಪ್ಪ ಹಾಕುತ್ತಾ ಕೇಳಿದರು: "ಉಂಡದ್ದೆಲ್ಲ ಎಲ್ಲಿಗ್ ಹೋತ್ತ್ ಮಗಾ? ನಾಳೆ ಡಾಕ್ಟ್ರ್ ಹತ್ರ ಹೋಯ್ಕ್." ಆ ಹೊತ್ತಿಗೆ ಎರಡು ಮೆಟ್ಟಿಲು ಹತ್ತಿದರೆ ನನಗೆ ಕಣ್ಣು ಕತ್ತಲೆ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಮಲ ಜಿಡ್ಡಾಗಿ ನೀರಲ್ಲಿ ತೇಲ್ತದಾ?" ಹೌದೆಂದೆ. ಪರೀಕ್ಷೆಯಲ್ಲಿ ಸಿಕ್ಕಿದ ವಿಲನ್ ಹೆಸರು ಜಿಯಾರ್ಡಿಯಾ. ಒಂದೇ ಜೀವಕೋಶದ ಪರಾವಲಂಬಿ. 1681ರಲ್ಲಿ ಹಾಲೆಂಡಿನ ಲೇವನ್‌ಹುಕ್ ಅದನ್ನು ಮೊದಲು ಕಂಡದ್ದು ತನ್ನದೇ ಭೇದಿಯಲ್ಲಿ!

ಒಳಗೆ ಏನಾಗ್ತದೆ ಅಂದರೆ, ನಾವು ತಿಂದ ತುಪ್ಪ, ತೆಂಗಿನೆಣ್ಣೆಯನ್ನು ಯಕೃತ್ತಿನ ಪಿತ್ತರಸ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕದ ರಸ ಅದನ್ನು ಜೀರ್ಣಿಸುತ್ತದೆ. ಸಣ್ಣ ಕರುಳಿನ ಗೋಡೆ ಹೀರಿಕೊಳ್ಳುತ್ತದೆ. ಜಿಯಾರ್ಡಿಯಾ ಆ ಗೋಡೆಗೇ ಕಚ್ಚಿಕೊಂಡು ಹೀರುವ ಶಕ್ತಿ ಕುಂದಿಸುತ್ತದೆ. ಕೊಬ್ಬು ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ. ನನ್ನ 'ಡಯಟ್ಟು' ಇಷ್ಟೇ!

ಇನ್ನು ನಮ್ಮ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ಪೋಸ್ಟರಿನಲ್ಲಿ ಹೆಸರು ಬಾರದ ಲೈಟ್‌ಬಾಯ್‌ಗಳ ಹಾಗೆ. ಕಾಣುವುದಿಲ್ಲ, ಆದರೆ ಅವರಿಲ್ಲದೆ ಶೂಟಿಂಗ್ ಇಲ್ಲ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯಾವೇ ಇಲ್ಲದೆ ಬೆಳೆಸಿದ ಇಲಿಗಳಿಗೆ ಬೇರೆ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಕೊಟ್ಟರು. ತಿಂದದ್ದು ಕಡಿಮೆಯಾದರೂ ಎರಡೇ ವಾರದಲ್ಲಿ ಮೈಯ ಕೊಬ್ಬು ಸುಮಾರು 60% ಏರಿತು! ಕೊಬ್ಬಿನ ಲೆಕ್ಕದಲ್ಲಿ ಅವುಗಳ ಕೈ ಅಷ್ಟಿದೆ. ಸೋಂಕು ಬಂದರೆ ಈ ಕಂಪನಿಯೇ ಏರುಪೇರು. ಜಿಯಾರ್ಡಿಯಾ ತಗುಲಿದ ಇಲಿಗಳ ಕರುಳಿನುದ್ದಕ್ಕೂ ಹಾಗಾದದ್ದು 2017ರಲ್ಲಿ ವರದಿಯಾಗಿದೆ. ಸುಮ್ಮನೆ ಆ್ಯಂಟಿಬಯೋಟಿಕ್ ನುಂಗಿದರೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ನಾನು ಮಾಡಿದ್ದು ಅದನ್ನೇ.

ಇದು ನನ್ನೊಬ್ಬನ ಹಣೆಬರಹ ಅಲ್ಲ. 1960ರ ದಶಕದ ಮೊದಲಲ್ಲಿ ತಮಿಳುನಾಡಿನ ಉತ್ತರ ಆರ್ಕಾಟ್ ಹಳ್ಳಿಗಳಲ್ಲಿ ಹೀಗೇ ಭೇದಿ ಹಿಡಿದು ಜನ ಬಡಕಲಾದರು. ಅದು ಸ್ಪ್ರೂ ಎಂಬ ಕಾಯಿಲೆ. ಕೊಬ್ಬು ಹೀರುವ ಶಕ್ತಿಯೇ ಹೋಗಿ ಕೆಲವರು ಸತ್ತೂ ಹೋದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಊರೂರು ತಿರುಗಿ ಅದನ್ನು ಅಭ್ಯಾಸ ಮಾಡಿದರು. ಅಲ್ಲಿ ಸೊರಗಿದವರಿಗೆ ಯಾರೂ "ಹೀರೋ" ಅನ್ನಲಿಲ್ಲ.

ಡಾಕ್ಟರು ಬರೆದ ಮಾತ್ರೆಯನ್ನು ಈ ಸಲ ಪೂರ್ತಿ ನುಂಗಿದೆ. ಭೇದಿ ವಾರದಲ್ಲಿ ನಿಂತಿತು, ತುಪ್ಪ ಸರಿಯಾಗಿ ಮೈಗೆ ಹತ್ತಲು ಎರಡು ತಿಂಗಳು ಬೇಕಾಯ್ತು. ಹೊಟ್ಟೆಯೂ ವಾಪಸು ಬಂತು. ಬರಲಿ ಬಿಡಿ!

ನಿಮ್ಮಲ್ಲಿ ಯಾರಾದರೂ ಭೇದಿಯಾಗಿ ಇಳಿದಿದ್ದರೆ ಕನ್ನಡಿ ನೋಡಿ ಮೀಸೆ ತಿರುವಬೇಡಿ, ಮಲ ಪರೀಕ್ಷೆ ಮಾಡಿಸಿ. ನಾಚಿಕೆ ಎಂತಕ್ಕೆ? ಮಳೆಗಾಲದಲ್ಲಿ ನೀರು ಕುದಿಸಿ ಕುಡಿಯಿರಿ. ದೋಸ್ತ್ ಸೊರಗಿದ್ದು ಕಂಡರೆ ಡಯಟ್ ಕೇಳಬೇಡಿ. ಅಮ್ಮ ಕೇಳಿದ ಪ್ರಶ್ನೆ ಕೇಳಿ.

ಮುಂದಿನ ವಾರ ಮತ್ತೆ ಸಿನಿಮಾ ಸುದ್ದಿ. ಬರ್ಲಾ?